ಬೆಕ್ಕಿನ ಗಂಟಿಗೆ ಅವಸರದ ಕತ್ತರಿ ಬೇಡ

‘ಡಾಕ್ಟರೇ, ಸಣ್ಣ ಗಂಟು ಅಷ್ಟೇ. ಈಗಲೇ ತೆಗೆದುಬಿಡಿ, ಸಂಜೆ ಬಂದು ಕರೆದುಕೊಂಡು ಹೋಗುತ್ತೇನೆ.’ ಬೆಕ್ಕನ್ನು ಮೇಜಿನ ಮೇಲೆ ಬಿಡುತ್ತಲೇ ಬರುವ ಮಾತು ಇದು. ಬೆಕ್ಕೂ ಚೆನ್ನಾಗಿಯೇ ಇರುತ್ತದೆ. ತಿನ್ನುತ್ತದೆ, ಆಡುತ್ತದೆ, ಗಂಟನ್ನು ಒತ್ತಿದರೆ ತಿರುಗಿಯೂ ನೋಡುವುದಿಲ್ಲ. ನೋವಿಲ್ಲದ ಗಂಟಿನಿಂದ ಅಪಾಯವಿಲ್ಲ ಎಂಬ ನಂಬಿಕೆ ಅದೆಲ್ಲಿಂದ ಬಂತೋ ಕಾಣೆ. ಅಂಥ ಗಂಟು ಕ್ಯಾನ್ಸರ್ ಆಗಿರಲೂಬಹುದು, ನಮ್ಮನ್ನು ಮೋಸಗೊಳಿಸುವುದೇ ಆ ನೋವಿಲ್ಲದ ಸ್ಥಿತಿ.

ಚರ್ಮದ ಕೆಳಗಿನ ನಾರು, ಕೊಬ್ಬು, ಸ್ನಾಯು, ನರದ ಹೊದಿಕೆ, ರಕ್ತನಾಳ ಇವೆಲ್ಲ ಮೃದು ಅಂಗಾಂಶಗಳು. ಇವುಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗೆ ಸಾರ್ಕೋಮಾ ಎನ್ನುತ್ತೇವೆ. ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ನಾರಿನ ಅಂಗಾಂಶದ ಫೈಬ್ರೋಸಾರ್ಕೋಮಾ.

ವೃತ್ತಿಗೆ ಬಂದ ಹೊಸತರಲ್ಲಿ ನಾನೂ ಹಾಗೆ ‘ಸಂಜೆಯೊಳಗೆ’ ಒಂದು ಗಂಟು ತೆಗೆದಿದ್ದೆ. ಭುಜದ ಎಲುಬುಗಳ ನಡುವೆ, ಗೋಲಿಗಿಂತ ತುಸು ದೊಡ್ಡದು. ಸುತ್ತ ನಯವಾದ ಪೊರೆ, ಬೆರಳಾಡಿಸುತ್ತಿದ್ದಂತೆ ಇಡಿಯಾಗಿ ಕಳಚಿಕೊಂಡು ಬಂತು. ನನ್ನ ಕೈಚಳಕಕ್ಕೆ ನಾನೇ ಹಿಗ್ಗಿದೆ. ಮೂರು ತಿಂಗಳೊಳಗೆ ಅದೇ ಜಾಗದಲ್ಲಿ, ಹೊಲಿಗೆಯ ಗುರುತಿನ ಉದ್ದಕ್ಕೂ, ಅಲುಗಾಡಿಸಿದರೂ ಜರುಗದ ಮೂರು ಗಂಟುಗಳು. ಪೊರೆ ಎಂದು ನಾನು ತಿಳಿದದ್ದು ನಿಜವಾದ ಪೊರೆಯಾಗಿರಲಿಲ್ಲ. ಒತ್ತಿಕೊಂಡು ಗಟ್ಟಿಯಾದ ಕ್ಯಾನ್ಸರ್ ಕೋಶಗಳ ಪದರವೇ ಅದು. ಗರಿಕೆಯನ್ನು ಮೇಲಿಂದ ಕಿತ್ತರೆ ಬೇರು ನೆಲದಲ್ಲೇ ಉಳಿಯುತ್ತದಲ್ಲ, ಹಾಗೆ. ಈ ಗಡ್ಡೆಯೂ ಸ್ನಾಯುವಿನ ಪದರಗಳ ನಡುವೆ ಕೈಗೆ ಸಿಗದ ಎಳೆಗಳನ್ನು ಚಾಚಿರುತ್ತದೆ. ಎರಡನೆಯ ಸಲ ಕೈಹಾಕುವಾಗ ಯಾವುದು ಗಾಯದ ಕಲೆ, ಯಾವುದು ಗಡ್ಡೆ ಎಂದು ಬಿಡಿಸಿ ನೋಡುವುದೂ ಕಷ್ಟ. ಬೆಕ್ಕಿಗೆ ಇರುವ ಒಳ್ಳೆಯ ಅವಕಾಶವೆಂದರೆ ಮೊದಲ ಶಸ್ತ್ರಚಿಕಿತ್ಸೆ. ಆ ಬೆಕ್ಕಿನ ಪಾಲಿನ ಅವಕಾಶವನ್ನು ನಾನು ಹಾಳುಮಾಡಿದ್ದೆ.

ಹಾಗಾಗಿ ಈಗ ಮೊದಲು ಕೈಗೆತ್ತಿಕೊಳ್ಳುವುದು ಕತ್ತರಿಯನ್ನಲ್ಲ, ಅಳತೆಯ ಪಟ್ಟಿಯನ್ನು. ಚುಚ್ಚುಮದ್ದು ಕೊಟ್ಟ ಜಾಗದಲ್ಲಿ ಸಣ್ಣ ಗಂಟಾಗುವುದು ಸಾಮಾನ್ಯ. ಬಹುತೇಕ ಕೆಲವು ವಾರಗಳಲ್ಲಿ ಕರಗುತ್ತದೆ. ಕರಗದಿದ್ದರೆ ನಮಗೊಂದು ಲೆಕ್ಕವಿದೆ: 3-2-1. ಮೂರು ತಿಂಗಳಾದರೂ ಉಳಿದಿದ್ದರೆ, ಎರಡು ಸೆಂಟಿಮೀಟರ್ ದಾಟಿದ್ದರೆ, ಅಥವಾ ಒಂದು ತಿಂಗಳ ನಂತರವೂ ಬೆಳೆಯುತ್ತಲೇ ಇದ್ದರೆ ಬಯಾಪ್ಸಿ ಮಾಡಬೇಕು. ಮೂರರಲ್ಲಿ ಒಂದಿದ್ದರೂ ಸಾಕು. ಬಯಾಪ್ಸಿ ಎಂದರೆ ಗಂಟನ್ನು ತೆಗೆಯುವುದಲ್ಲ, ಅದರಿಂದ ಒಂದು ಚೂರು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುವುದು. ಸೂಜಿಯಿಂದ ಎಳೆದ ಕೋಶಗಳು ಇಲ್ಲಿ ಹಲವು ಸಲ ಕೈಕೊಡುತ್ತವೆ, ಸಾರ್ಕೋಮಾ ಸುಲಭವಾಗಿ ಕೋಶ ಬಿಟ್ಟುಕೊಡುವುದಿಲ್ಲ.

ಚುಚ್ಚುಮದ್ದಿನ ಮಾತು ಬಂತು, ಅದನ್ನು ಮುಗಿಸಿಬಿಡುತ್ತೇನೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಪಶುವೈದ್ಯರು ಲಸಿಕೆ ಹಾಕುವ ಜಾಗಗಳಲ್ಲೇ ಈ ಗಡ್ಡೆಗಳು ಹೆಚ್ಚುತ್ತಿರುವುದನ್ನು ಗುರುತಿಸಿದರು. ಮೊದಲ ಅನುಮಾನ ರೇಬೀಸ್ ಮತ್ತು ಬೆಕ್ಕಿನ ರಕ್ತಕ್ಯಾನ್ಸರ್ ವೈರಸ್ಸಿನ ಲಸಿಕೆಗಳ ಮೇಲೆ ಬಿತ್ತು. ಬೇರೆ ಚುಚ್ಚುಮದ್ದುಗಳ ನಂತರವೂ ಹೀಗಾಗಬಹುದು ಎಂಬುದು ಬಳಿಕ ತಿಳಿಯಿತು. ಆ ಜಾಗದಲ್ಲಿ ತಣಿಯದೆ ಉಳಿಯುವ ಉರಿಯೂತವೇ ಇದರ ಮೂಲ ಎಂಬುದು ಒಪ್ಪಿತ ವಿವರಣೆ. ಗಡ್ಡೆ ಕಾಣಿಸಿಕೊಳ್ಳಲು ತಿಂಗಳುಗಳೂ ಆಗಬಹುದು, ವರ್ಷಗಳೂ ಆಗಬಹುದು. ಲಸಿಕೆ ಪಡೆದ 10,000 ಬೆಕ್ಕುಗಳಲ್ಲಿ ಒಂದರಿಂದ ಹತ್ತಕ್ಕೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಇದನ್ನು ಕೇಳಿ ‘ಹಾಗಾದರೆ ಲಸಿಕೆಯೇ ಬೇಡ’ ಎನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ರೇಬೀಸ್ ಬಂದ ಬೆಕ್ಕಿಗೆ ಮದ್ದಿಲ್ಲ, ಅದು ಕಚ್ಚಿದ ಮನುಷ್ಯನ ಜೀವಕ್ಕೂ ಸಂಚಕಾರ. ಬೇಕಾದಷ್ಟೇ ಲಸಿಕೆ, ಬೇಕಾದಾಗ ಮಾತ್ರ, ಸರಿಯಾದ ಜಾಗದಲ್ಲಿ ಹಾಕಿಸಿ.

ಸರಿಯಾದ ಜಾಗವೆಂದರೆ ಭುಜದ ನಡುವೆ ಅಲ್ಲ, ಕಾಲಿನಲ್ಲಿ, ಆದಷ್ಟು ಕೆಳಗೆ. ಕಾರಣ ಕೇಳಲು ಕಠೋರ: ಗಡ್ಡೆಯಾದರೆ ಕಾಲನ್ನು ತೆಗೆಯಬಹುದು, ಬೆನ್ನನ್ನು ತೆಗೆಯಲಾಗದು. ಮೂರು ಕಾಲಿನ ಬೆಕ್ಕು ಕಪಾಟು ಹತ್ತುವುದನ್ನು ನೋಡಿದವರಿಗೆ ಈ ಮಾತು ಅಷ್ಟು ಕಠೋರ ಅನ್ನಿಸುವುದಿಲ್ಲ.

ಕ್ಯಾನ್ಸರ್ ಎಂದು ಖಚಿತವಾದರೆ ಎದೆಯ ಎಕ್ಸ್‌ರೇ ಬೇಕು, ಏಕೆಂದರೆ ಹರಡಿದರೆ ಮುಖ್ಯವಾಗಿ ಶ್ವಾಸಕೋಶಕ್ಕೆ. ಸಾಧ್ಯವಿದ್ದರೆ ಸಿ.ಟಿ. ಸ್ಕ್ಯಾನ್ ಕೂಡ, ಬೆರಳಿಗೆ ಸಿಕ್ಕಿದ್ದಕ್ಕಿಂತ ಗಡ್ಡೆ ಎಷ್ಟೋ ದೊಡ್ಡದೆಂದು ಗೊತ್ತಾಗುವುದು ಅದರಲ್ಲೇ. ಆಮೇಲೆ ಗಂಟಿನ ಸುತ್ತ ಮೂರರಿಂದ ಐದು ಸೆಂಟಿಮೀಟರ್, ಆಳದಲ್ಲಿ ಎರಡು ಪದರ ಸೇರಿಸಿ ಕತ್ತರಿಸಬೇಕು. ಗೋಲಿಯಷ್ಟು ಗಂಟಿಗೆ ಅಂಗೈ ಅಗಲದ ಗಾಯ ಕಂಡು ಮನೆಯವರು ಹೌಹಾರುತ್ತಾರೆ, ಆದ್ದರಿಂದ ಮೊದಲೇ ಚಿತ್ರ ಬರೆದು ತೋರಿಸುತ್ತೇನೆ. ಅಷ್ಟು ಅಂಚು ಸಿಗದ ಕಡೆ ವಿಕಿರಣ ಚಿಕಿತ್ಸೆ ಜೊತೆಯಾಗುತ್ತದೆ. ಕೀಮೋಥೆರಪಿಯ ಪಾತ್ರ ಇಲ್ಲಿ ಚಿಕ್ಕದು.

ಇನ್ನು ಮನೆಯವರ ಕೆಲಸ. ಯಾವ ದಿನ, ಯಾವ ಮದ್ದು, ಯಾವ ಕಾಲಿಗೆ ಎಂದು ಲಸಿಕೆ ಪುಸ್ತಕದಲ್ಲಿ ಬರೆಸಿಕೊಳ್ಳಿ. ವೈದ್ಯರು ಮರೆತರೆ ಕೇಳಿ ಬರೆಸಿ. ತಿಂಗಳಿಗೊಮ್ಮೆ ಮುದ್ದಿಸುವ ನೆಪದಲ್ಲಿ ಆ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಗಂಟು ಸಿಕ್ಕರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ತಾರೀಖಿನ ಸಮೇತ ತನ್ನಿ. ‘ಮೊನ್ನೆಗಿಂತ ಸ್ವಲ್ಪ ದೊಡ್ಡದಾಗಿದೆ’ ಎಂಬ ಮಾತಿಗಿಂತ ಅದು ನನಗೆ ಹೆಚ್ಚು ಹೇಳುತ್ತದೆ.