ಮುಳ್ಳು ಲೀಟರ್ ಎಣಿಸುವುದಿಲ್ಲ

ದೀಪಾವಳಿ ಮುಗಿಸಿ ಬೆಳಗಾವಿ, ಹುಬ್ಬಳ್ಳಿಯಿಂದ ಪುಣೆಗೆ ಮರಳಿದ ನಮ್ಮವರು ಕಾತ್ರಜ್‌ನ ನನ್ನ ಗ್ಯಾರೇಜಿಗೆ ಬಂದು ಪ್ರತಿ ವರ್ಷ ಇದನ್ನೇ ಕೇಳುತ್ತಾರೆ: "ಊರಿಗೆ ಹೋಗುವಾಗ ಖಂಬಾಟ್ಕಿ ಘಾಟ್‌ನಲ್ಲಿ ಕಾರಿನ ಪೆಟ್ರೋಲ್ ಮುಳ್ಳು ಇಳಿಯಿತು, ಸಮತಟ್ಟು ರಸ್ತೆಗೆ ಬಂದ ಮೇಲೆ ತಾನೇ ಏರಿತು. ಪೆಟ್ರೋಲ್ ಎಲ್ಲಿಂದ ಬಂತು?"

ಎಲ್ಲಿಂದಲೂ ಬಂದಿಲ್ಲ. ಮನೆಯ ನೀರಿನ ಟ್ಯಾಂಕಿನಲ್ಲಿರುವಂಥದ್ದೇ ತೇಲುವ ಬುರುಡೆಯೊಂದು ಕಾರಿನ ಟ್ಯಾಂಕಿನಲ್ಲೂ ಇರುತ್ತದೆ. ಅದರ ತೋಳಿನ ತುದಿ ವಿದ್ಯುತ್ತಿಗೆ ತಡೆಯೊಡ್ಡುವ ಒಂದು ರೋಧಕ ಪಟ್ಟಿಯ ಮೇಲೆ ಸರಿಯುತ್ತದೆ; ಬದಲಾಗುವ ರೋಧವೇ ಮುಳ್ಳಿನ ಸ್ಥಾನ. ಅಂದರೆ ಅಳತೆಯಾಗುವುದು ಬುರುಡೆ ಇರುವ ಜಾಗದ ಎತ್ತರ ಮಾತ್ರ. ಏರಿನಲ್ಲಿ ಪೆಟ್ರೋಲ್ ಹಿಂದಕ್ಕೆ ಸರಿಯಿತು, ಬುರುಡೆ ಮುಂದಿತ್ತು, ಅಷ್ಟೇ.

ಟ್ಯಾಂಕು ಚೌಕಾಕಾರದ ಡಬ್ಬಿಯೂ ಅಲ್ಲ. ಸೀಟು, ಸೈಲೆನ್ಸರ್ ಪೈಪು, ಆಕ್ಸಲ್ ಬಿಟ್ಟು ಉಳಿದ ಸಂದಿಯಲ್ಲಿ ಅದನ್ನು ತುರುಕಿರುತ್ತಾರೆ. ಎಷ್ಟೋ ಕಾರುಗಳಲ್ಲಿ ಬುರುಡೆ ಮೇಲ್ಛಾವಣಿಗೆ ತಾಗಿದ ಮೇಲೂ ಇನ್ನಷ್ಟು ಪೆಟ್ರೋಲ್ ಹಿಡಿಯುತ್ತದೆ. ಹಾಗಾಗಿ ತುಂಬಿಸಿದ ಮೇಲೆ ಬಹಳ ದೂರ ಓಡುವವರೆಗೂ ಮುಳ್ಳು ಕದಲುವುದಿಲ್ಲ. ಕೆಳಗಿನ ಇಕ್ಕಟ್ಟು ಭಾಗಕ್ಕೆ ಬಂದಾಗ ಸರಸರನೆ ಇಳಿಯುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಮುಳ್ಳು ಕುಣಿಯಬಾರದೆಂದು ಕಂಪನಿಯವರು ಬೇಕೆಂದೇ ಅದನ್ನು ನಿಧಾನಗೊಳಿಸಿರುತ್ತಾರೆ. ಇದ್ಯಾವುದೂ ದೋಷವಲ್ಲ.

ನಿಜವಾದ ದೋಷವೊಂದನ್ನು ಕಳೆದ ವಾರ ಕಂಡೆ. ಒಂದು ಕಾರಿನ ಮುಳ್ಳು ಕಾಲು ಟ್ಯಾಂಕಿಗೆ ಬಂದು ಅಲ್ಲಿಯೇ ಕುಳಿತಿತ್ತು. ಹಿಂದಿನ ಸೀಟು ಎತ್ತಿ, ಪಂಪಿನ ಜೊತೆ ಸೆಂಡರ್, ಅಂದರೆ ಬುರುಡೆ, ತೋಳು, ಪಟ್ಟಿ ಸೇರಿದ ಭಾಗವನ್ನು ಹೊರತೆಗೆದೆ. ಬುರುಡೆಯನ್ನು ಕೈಯಲ್ಲಿ ಎತ್ತುತ್ತ ಹೋದರೆ ರೋಧ ಅಳೆಯುವ ಮಲ್ಟಿಮೀಟರ್‌ನ ಅಂಕಿ ನಯವಾಗಿ ಬದಲಾಗಬೇಕು. ಕೆಳಗಿನ ಕಾಲು ಭಾಗದಲ್ಲಿ ಮಾತ್ರ ಅದು ಹಾರಿ ಹಾರಿ ಬೀಳುತ್ತಿತ್ತು. ಪಟ್ಟಿಯಲ್ಲಿ ಅಷ್ಟೇ ಜಾಗ ಕಪ್ಪಾಗಿ ಸವೆದಿತ್ತು. ವಿಚಾರಿಸಿದರೆ, ಮಾಲೀಕರು ವರ್ಷಗಳಿಂದ ಹಾಕಿಸುತ್ತಿದ್ದುದು ಪ್ರತಿ ಸಲ ಐನೂರು ರೂಪಾಯಿಯ ಪೆಟ್ರೋಲ್! ತೋಳು ಪಾಪ, ಅದೇ ಓಣಿಯಲ್ಲಿ ಓಡಾಡಿ ಸವೆದಿದೆ. ಪಂಪು ತಣ್ಣಗಿರುವುದೂ ಸುತ್ತಲಿನ ಪೆಟ್ರೋಲಿನಿಂದಲೇ; ಸದಾ ತಳದಲ್ಲಿ ಓಡಿಸುವವರು ಅದರ ಆಯುಸ್ಸನ್ನೂ ತಿನ್ನುತ್ತಾರೆ.

ಸೆಂಡರ್ ಬದಲಾಯಿಸುವ ಮೊದಲು ಅರ್ಥಿಂಗ್ ತಂತಿ ನೋಡುವುದು ನನ್ನ ರೂಢಿ. ಆ ತಂತಿಯ ತುಕ್ಕು ಹಿಡಿದ ಒಂದು ಬೋಲ್ಟ್ ಉಜ್ಜಿದರೆ ಸಾಲುವ ಕೆಲಸಕ್ಕೆ ಸಾವಿರಾರು ರೂಪಾಯಿ ಬಿಲ್ ಮಾಡುವವರಿದ್ದಾರೆ. ಇಲ್ಲಿ ತಂತಿ ಸರಿಯಿತ್ತು, ಹೊಸ ಸೆಂಡರೇ ಬೇಕಾಯಿತು.

ಮರುದಿನ ಆ ಮಾಲೀಕರದೇ ಫೋನ್: "ನೀವು ರಿಪೇರಿ ಮಾಡಿದ ಮೇಲೆ ಗಾಡಿ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆಯಲ್ಲ? ಮುಳ್ಳು ಈಗ ಕಾಲಿಗಿಂತ ಕೆಳಗೂ ಇಳಿಯುತ್ತದೆ!"