‘ದೌ’ ಅಂದರೆ ‘ತಾವು’ ಅಲ್ಲ

ನಿವೃತ್ತರಾಗುವ ಮಾಸ್ತರಿಗೋ ಅಕ್ಕೋರಿಗೋ ಕೊಡುವ ಇಂಗ್ಲಿಷ್ ಮಾನಪತ್ರಗಳಲ್ಲಿ ‘ದೌ ಆರ್ಟ್ ಅವರ್ ಗೈಡ್’ (Thou art our guide) ಎಂಬ ಥರದ ಸಾಲು ಮತ್ತೆ ಮತ್ತೆ ಕಾಣುತ್ತದೆ. ಶಿರಸಿಯಲ್ಲಿ ಅಚ್ಚಾಗಲಿ, ಕಾರವಾರದಲ್ಲಿ ಅಚ್ಚಾಗಲಿ, ಚಿನ್ನದ ಬಣ್ಣದ ಅಂಚಿನ ನಡುವೆ ಈ ‘ದೌ’ ಕೂತಿರುತ್ತದೆ. ಬರೆದವರ ಮನಸ್ಸಿನಲ್ಲಿರುವುದು ಗೌರವವೇ. ಹಳೆಯ ಪದ, ಪ್ರಾರ್ಥನೆಯಲ್ಲಿ ಬರುವ ಪದ, ಹಾಗಾಗಿ ‘ತಾವು’ ಎಂಬುದಕ್ಕೆ ಸಮ ಎಂಬ ಲೆಕ್ಕ. ಆ ಲೆಕ್ಕ ಪೂರ್ತಿ ತಲೆಕೆಳಗು. ‘ದೌ’ ಎಂದರೆ ‘ನೀನು’. ಮೂವತ್ತು ವರ್ಷ ಪಾಠ ಹೇಳಿದವರಿಗೆ ಶಾಲು ಹೊದೆಸಿ, ಸಭೆಯ ಎದುರು ಏಕವಚನದಲ್ಲಿ ಕರೆದಂತಾಯಿತು.

ಇಂಗ್ಲಿಷರಿಗೆ ಈ ಭೇದ ಮರೆತುಹೋಗಿದೆ, ಅವರು ತಪ್ಪಿದರೆ ಅರ್ಥವಾಗುತ್ತದೆ. ಕನ್ನಡಿಗರು ತಪ್ಪುವುದೇಕೆ? ‘ನೀನು’ ‘ನೀವು’ಗಳ ನಡುವಿನ ಗೆರೆ ನಮಗೆ ದಿನವೂ ಬೇಕು. ಕಾರವಾರದ ಕೊಂಕಣಿಯಲ್ಲೂ ‘ತೂಂ’ ಬೇರೆ, ‘ತುಮಿ’ ಬೇರೆ. ಆಯಿಗೆ ‘ನೀನು’, ಮಾಸ್ತರಿಗೆ ‘ನೀವು’ ಎಂಬುದನ್ನು ಮಗು ಶಾಲೆಗೆ ಹೋಗುವ ಮೊದಲೇ ಕಲಿತಿರುತ್ತದೆ. ಇದೇ ಜಾಣತನವನ್ನು ಹಳೆಯ ಇಂಗ್ಲಿಷಿನ ಮೇಲೆ ಹಚ್ಚಿದರೆ ಸಾಕು.

ಮೊದಲಿಗೆ ಲೆಕ್ಕ ಬರೀ ಸಂಖ್ಯೆಯದು. ಒಬ್ಬನಿಗೆ ‘ದೌ’, ಹಲವರಿಗೆ ‘ಯೀ’. ಸುಮಾರು 13ನೇ ಶತಮಾನದಿಂದ ಫ್ರೆಂಚರ ‘ತ್ಯು’ (ನೀನು), ‘ವೂ’ (ನೀವು)ಗಳ ರೂಢಿ ನೋಡಿ ದೊಡ್ಡವರೊಬ್ಬರಿಗೇ ಬಹುವಚನ ಹಚ್ಚುವ ಪದ್ಧತಿ ಬಂತು. ಅಲ್ಲಿಗೆ ‘ದೌ’ ಉಳಿದದ್ದು ಮಕ್ಕಳಿಗೆ, ಆಳುಗಳಿಗೆ, ಆಪ್ತರಿಗೆ, ಮತ್ತೆ ಜಗಳಕ್ಕೆ. ‘ದೌ’ ಎಂಬುದು ಕ್ರಿಯಾಪದವಾಗಿಯೂ ನಡೆಯುತ್ತಿತ್ತು; ನಾವು ‘ಏಕವಚನದಲ್ಲಿ ಮಾತಾಡಿಸಿದ’ ಎಂದು ದೂರುವುದಿಲ್ಲವೇ, ಅದೇ ಅರ್ಥ. 1603ರಲ್ಲಿ ಇಂಗ್ಲೆಂಡಿನ ಕಡಲಯಾನಿ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ‘ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ, ದ್ರೋಹಿ’ ಎಂಬರ್ಥದ ಮಾತು ಆಡಿದ್ದು ಈ ಕ್ರಿಯಾಪದದಿಂದಲೇ. ಅದೇ ಶತಮಾನದ ನಡುವೆ ಜಾರ್ಜ್ ಫಾಕ್ಸ್‌ನ ಹಿಂಬಾಲಕರಾದ ಕ್ವೇಕರರೆಂಬ ಕ್ರೈಸ್ತ ಪಂಗಡದವರು ದೇವರೆದುರು ಎಲ್ಲರೂ ಸಮಾನರೆಂದು ನ್ಯಾಯಾಧೀಶರಿಗೂ ‘ದೌ’ ಎಂದೇ ಅಂದರು, ಅದಕ್ಕಾಗಿ ಬೈಗುಳ, ಹೊಡೆತ ಎರಡನ್ನೂ ತಿಂದರು. ‘ದೌ’ ಗೌರವದ ಪದವಾಗಿದ್ದರೆ ಯಾರೂ ಹೊಡೆಯುತ್ತಿರಲಿಲ್ಲ.

ಹಾಗಾದರೆ ದೇವರಿಗೆ ‘ದೌ’ ಯಾಕೆ? ಗೊಂದಲದ ಬೇರು ಇರುವುದು ಇಲ್ಲಿ. 1526ರ ಟಿಂಡೇಲ್‌ನ ಹೊಸ ಒಡಂಬಡಿಕೆಯ ಇಂಗ್ಲಿಷ್ ಅನುವಾದದಲ್ಲಾಗಲಿ, 1611ರ ಜೇಮ್ಸ್ ದೊರೆಯ ಕಾಲದ ಬೈಬಲಿನಲ್ಲಾಗಲಿ ಗೌರವದ ಬಹುವಚನವೇ ಇಲ್ಲ. ಮೂಲದ ಹೀಬ್ರೂ, ಗ್ರೀಕ್‌ಗಳಲ್ಲಿ ಏಕವಚನ ಇದ್ದಲ್ಲಿ ‘ದೌ’, ಬಹುವಚನ ಇದ್ದಲ್ಲಿ ‘ಯೀ’, ಅಷ್ಟೇ. ದೇವರಿಗೂ ‘ದೌ’, ಸೈತಾನನಿಗೂ ‘ದೌ’. ಆಮೇಲೆ ಬೀದಿಯ ಮಾತಿನಲ್ಲಿ ‘ದೌ’ ಸವೆದುಹೋಯಿತು, ಇಗರ್ಜಿಯಲ್ಲಿ ಮಾತ್ರ ಉಳಿಯಿತು. ಪ್ರಾರ್ಥನೆಯಲ್ಲಷ್ಟೇ ಕಿವಿಗೆ ಬೀಳುವ ಪದಕ್ಕೆ ಜನ ಗಾಂಭೀರ್ಯ ಹಚ್ಚಿದರು. ಪದ ಬದಲಾಗಲಿಲ್ಲ, ಕೇಳುವ ಕಿವಿ ಬದಲಾಯಿತು. ನಮ್ಮ ವಚನ, ದಾಸರ ಪದಗಳಲ್ಲೂ ದೇವರು ‘ನೀನು’ವೇ. ಗೋಕರ್ಣದ ಮಹಾಬಲೇಶ್ವರನ ಎದುರು ನಿಂತವರು ‘ಕಾಪಾಡಪ್ಪಾ’ ಎನ್ನುತ್ತಾರೆ, ‘ತಾವು ಕಾಪಾಡಿರಿ’ ಎನ್ನುವುದಿಲ್ಲ. ಆ ಸಲಿಗೆಯನ್ನು ನೋಡಿ ‘ನೀನು’ ಅತಿ ಗೌರವದ ಪದ ಎಂದು ಯಾರಾದರೂ ತೀರ್ಮಾನಿಸಿ ಹೆಡ್ ಮಾಸ್ತರಿಗೆ ‘ನೀನು’ ಎಂದರೆ ಏನಾಗುತ್ತದೋ, ಮಾನಪತ್ರದಲ್ಲಿ ಆಗಿರುವುದು ಅದೇ.

ಹಳೆಯ ನಾಟಕ ಓದುವವರಿಗೆ ಈ ಭೇದ ಕೈಬಿಟ್ಟರೆ ಅರ್ಧ ರುಚಿಯೇ ಹೋಗುತ್ತದೆ. ಶೇಕ್ಸ್‌ಪಿಯರನ ನಾಟಕದಲ್ಲಿ ಹ್ಯಾಮ್ಲೆಟ್ ತಾಯಿಯ ಕೋಣೆಗೆ ಬರುವ ದೃಶ್ಯವನ್ನೇ ನೋಡಿ. ತಾಯಿ ಮಗನನ್ನು ‘ದೌ’ ಎಂದು ಆಕ್ಷೇಪಿಸುತ್ತಾಳೆ. ಮಗ ಅದೇ ವಾಕ್ಯವನ್ನು ತಿರುಗಿಸಿ ‘ಯೂ’ (‘ಯೀ’ಯದೇ ಇನ್ನೊಂದು ರೂಪ, ಅಂದರೆ ‘ನೀವು’) ಹಾಕಿ ಹೊಡೆಯುತ್ತಾನೆ. ಕೂಡಲೇ ತಾಯಿಯೂ ‘ಯೂ’ಗೆ ಬದಲಾಗುತ್ತಾಳೆ. ಇದು ಮಗನಿಗೆ ಕೊಟ್ಟ ಮರ್ಯಾದೆಯಲ್ಲ, ಸಲಿಗೆಯ ಬಾಗಿಲು ಹಾಕಿಕೊಂಡದ್ದು. ಸಿಟ್ಟು ಬಂದ ಆಯಿ ಮಗನಿಗೆ ‘ನೀವು ದೊಡ್ಡವರಾದಿರಿ’ ಎಂದರೆ ನಮಗೆ ಯಾರೂ ವಿವರಿಸಬೇಕಾಗಿಲ್ಲ. ತಾಳಮದ್ದಲೆ ಕೇಳುವವರಿಗಂತೂ ಇದು ಇನ್ನೂ ಸಲೀಸು: ಭೀಷ್ಮನಿಗೆ ‘ತಾವು’ ಎನ್ನುತ್ತಿದ್ದ ಅಂಬೆ ಒಮ್ಮೆಲೇ ‘ನೀನು’ವಿಗೆ ಇಳಿದಳೆಂದರೆ ಪ್ರಸಂಗ ಕಾವೇರಿತು ಎಂದೇ ಲೆಕ್ಕ. ಹಳೆಯ ಇಂಗ್ಲಿಷ್ ನಾಟಕ ಓದುವಾಗ ‘ದೌ’, ‘ಯೂ’ ಅದಲುಬದಲಾದಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ. ಕನ್ನಡಕ್ಕೆ ತರುವವರು ಈ ಗುರುತು ಹಾಕದೆ ಎಲ್ಲವನ್ನೂ ‘ನೀನು’ ಮಾಡಿದರೆ ದೃಶ್ಯ ಸಪ್ಪೆಯಾಗುತ್ತದೆ. ಎಲ್ಲ ‘ದೌ’ಗಳನ್ನೂ ‘ತಾವು’ ಮಾಡಿದರೆ ಕೆಟ್ಟೇಹೋಗುತ್ತದೆ.

ರೂಪಗಳು ಹೆಚ್ಚಿಲ್ಲ. ‘ದೌ’ ನೀನು, ‘ದೀ’ ನಿನ್ನನ್ನು ಅಥವಾ ನಿನಗೆ, ‘ದೈ’ ನಿನ್ನ. ಮುಂದಿನ ಪದ ಸ್ವರದಿಂದ ಶುರುವಾದರೆ ‘ದೈ’ ಬದಲು ‘ದೈನ್’: ‘ದೈ ನೇಮ್’, ಆದರೆ ‘ದೈನ್ ಐಸ್’. ‘ನಿನ್ನದು’ ಎನ್ನಲೂ ‘ದೈನ್’. ನಾಲ್ಕಕ್ಕೂ ನಾಲಿಗೆ ಹಲ್ಲಿಗೆ ತಾಗುವ ‘ದ’ ಉಚ್ಚಾರ, ‘ಥ’ ಅಲ್ಲ. ಕ್ರಿಯಾಪದ ‘ದೌ’ ಜೊತೆ ‘ಸ್ಟ್’ ಅಥವಾ ‘ಟ್’ ಹಿಡಿಯುತ್ತದೆ: ಆರ್ಟ್, ಹ್ಯಾಸ್ಟ್, ಡಸ್ಟ್, ಶ್ಯಾಲ್ಟ್, ವಿಲ್ಟ್. ‘ಹ್ಯಾತ್’, ‘ಡತ್’, ‘ಗೋಯೆತ್’ಗಳು ಅವನು-ಅವಳು-ಅದಕ್ಕೆ ಮಾತ್ರ. ಹಳೆಯ ಕಾಲದ ರಂಗು ಬರಲೆಂದು ‘ಐ ಹ್ಯಾತ್’ ಎಂದು ಬರೆಯುವವರು ‘ನಾನು ಬರುತ್ತಾನೆ’ ಎಂದು ಬರೆದಂತೆ. ‘ದೀ ಆರ್ಟ್’ ಎಂದರೆ ‘ನಿನ್ನನ್ನು ಇದ್ದೀಯ’.

ಇನ್ನು ‘ಯೀ’. ‘ನೀವೆಲ್ಲ’ ಎಂಬರ್ಥದ ‘ಯೀ’ ಬೇರೆ, ಹಳೆಯ ಕಾಲದ ರಂಗಿಗೆಂದು ಬರೆಸುವ ‘ಯೀ ಓಲ್ಡ್’ (Ye Olde) ಎಂಬ ಅಂಗಡಿ ಬೋರ್ಡಿನ ‘ಯೀ’ ಬೇರೆ. ಎರಡನೆಯದು ನಿಜವಾಗಿ ‘ಯೀ’ ಅಲ್ಲವೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ದ’, ‘ಥ’ ಎರಡೂ ಸದ್ದಿಗೆ ಬಳಸುವ ‘ಥಾರ್ನ್’ ಎಂಬ ಅಕ್ಷರ ಇತ್ತು. ನಮ್ಮ ೞ, ಱಗಳಂತೆ ಅದೂ ಈಗ ಬಿಟ್ಟುಹೋಗಿದೆ. ಕೈಬರಹದಲ್ಲಿ ಥಾರ್ನ್ ಬರಬರುತ್ತ ‘ವೈ’ ಅಕ್ಷರದ ಹಾಗೇ ಕಾಣತೊಡಗಿತ್ತು. ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಕೂಟ ತಂದಾಗ ಅಚ್ಚಿನ ಮೊಳೆಗಳು ಬಂದದ್ದು ಯುರೋಪಿನ ಮುಖ್ಯಭೂಮಿಯಿಂದ. ಆ ಮೊಳೆಗಳಲ್ಲಿ ಥಾರ್ನ್ ಇರಲಿಲ್ಲ. ಮುದ್ರಕರು ಹತ್ತಿರದ ರೂಪವೆಂದು ‘ವೈ’ ಇಟ್ಟು ಅದರ ತಲೆಯ ಮೇಲೆ ಸಣ್ಣ ‘ಇ’ ಕೂರಿಸಿದರು. ಓದುತ್ತಿದ್ದವರು ‘ದಿ’ ಎಂದೇ ಓದುತ್ತಿದ್ದರು. ಗೋಕರ್ಣದ ಕಡಲಬದಿಯ ಹೋಟೆಲಿಗೆ ಹಳೆಯ ಕಾಲದ ಇಂಗ್ಲಿಷ್ ಬೋರ್ಡು ಬೇಕೆಂದು ಯಾರಾದರೂ ‘ಯೀ ಓಲ್ಡ್’ ಎಂದು ಬರೆಸುವುದಾದರೆ, ಮುಂದೆ ಇನ್ನೊಂದು ‘ದಿ’ ಸೇರಿಸುವುದು ಬೇಡ, ಆ ‘ವೈ’ಯೊಳಗೇ ಅದು ಇದೆ.