ಕ್ಯೂಆರ್ ಕೋಡ್ ಕಿತ್ತರೆ ತೆರಿಗೆ ಹೋಗುವುದಿಲ್ಲ

2025ರ ಜುಲೈನಲ್ಲಿ ಕರ್ನಾಟಕದ ಬೇಕರಿ, ಕಾಂಡಿಮೆಂಟ್ಸ್, ಚಿಲ್ಲರೆ ಅಂಗಡಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಾಲು ಸಾಲಾಗಿ ನೋಟಿಸ್ ಬಂದವು. 2021-22ರಿಂದ 2024-25ರವರೆಗೆ ಯುಪಿಐ ಮೂಲಕ ಯಾರ ಖಾತೆಗೆ ಎಷ್ಟು ಹಣ ಬಂದಿದೆ ಅಂತ ಇಲಾಖೆ ಲೆಕ್ಕ ತೆಗೆದಿತ್ತು. ವರ್ಷದ ವಹಿವಾಟಿನ ಮಿತಿ ದಾಟಿಯೂ ಜಿಎಸ್‌ಟಿ ನೋಂದಣಿ ಮಾಡಿಸದವರಿಗೆ ವಿವರಣೆ ಕೇಳಿತ್ತು. ಹಾಲು, ತರಕಾರಿ ಮಾರುವವರಿಗೂ ಲಕ್ಷಗಟ್ಟಲೆ ತೆರಿಗೆಯ ಮಾತು ಬಂದಾಗ ಜನ ಬೆಚ್ಚಿಬಿದ್ದರು. ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ಹಾಕಿ ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಬರೆದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿದರು. ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ತೆರಿಗೆ ಇಲ್ಲದ ವಸ್ತು ಮಾರುವವರನ್ನು ಕಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದರು. ಜುಲೈ 25ಕ್ಕೆ ಕರೆ ಕೊಟ್ಟಿದ್ದ ಬಂದ್ ನಿಂತಿತು.

ಗಲಾಟೆ ತಣ್ಣಗಾಯಿತು. ಆದರೆ ತೆರಿಗೆ ಸಲಹೆಗಾರನಾಗಿ ನಾನು ಕುಳಿತುಕೊಳ್ಳುವ ಮೇಜಿನ ಮುಂದೆ ಅದೇ ಗೊಂದಲ ಇವತ್ತಿಗೂ ಬಂದು ಕೂರುತ್ತಿದೆ. ‘ಸಾರ್, ನಾನು ಹಾಲು ಮಾರೋದು, ನಂಗ್ಯಾಕೆ ಜಿಎಸ್‌ಟಿ?’ ಅಂತ ಒಬ್ಬರು. ‘ನಲವತ್ತು ಲಕ್ಷ ಆಗಿಲ್ಲ ಅಲ್ವಾ, ನಂಗೇನೂ ಆಗಲ್ಲ’ ಅಂತ ಇನ್ನೊಬ್ಬರು. ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು. ಆ ತಪ್ಪಿನ ಅರ್ಧದಲ್ಲೇ ಅಂಗಡಿಯವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಮೊದಲು ಒಂದು ವಿಷಯ ಬಿಡಿಸಿ ಹೇಳುತ್ತೇನೆ. ನೋಂದಣಿ ಬೇಕೋ ಬೇಡವೋ ಅನ್ನುವುದನ್ನು ವಹಿವಾಟು ಹೇಳುತ್ತದೆ. ತೆರಿಗೆ ಎಷ್ಟು ಅನ್ನುವುದನ್ನು ವಸ್ತು ಹೇಳುತ್ತದೆ. ಇವೆರಡೂ ಬೇರೆ ಬೇರೆ ಲೆಕ್ಕ. ನೋಂದಣಿಯ ಮಿತಿ ನೋಡುವಾಗ ತೆರಿಗೆ ಇಲ್ಲದ ವಸ್ತುವಿನ ಮಾರಾಟವನ್ನೂ ಕೂಡಿಸಬೇಕು. ಒಂದೇ ಪ್ಯಾನ್ ನಂಬರಿನ ಮೇಲೆ ಎರಡು ಅಂಗಡಿ ಇದ್ದರೆ ಎರಡನ್ನೂ ಕೂಡಿಸಬೇಕು. ಬರೀ ತೆರಿಗೆ ಇಲ್ಲದ ವಸ್ತುಗಳನ್ನೇ ಮಾರುವವರಿಗೆ ಮಾತ್ರ ನೋಂದಣಿಯೇ ಬೇಡ, ವಹಿವಾಟು ಕೋಟಿ ದಾಟಿದರೂ ಬೇಡ. ಈ ‘ಬರೀ’ ಅನ್ನುವುದು ಬಹಳ ಮುಖ್ಯ. ತರಕಾರಿ ಅಂಗಡಿಯವರು ಪಕ್ಕದಲ್ಲಿ ನಾಲ್ಕು ಮಸಾಲೆ ಪ್ಯಾಕೆಟ್, ಎರಡು ಬಾಟಲಿ ಎಣ್ಣೆ ಇಟ್ಟರು ಅನ್ನಿ. ಆ ರಿಯಾಯಿತಿ ಅಲ್ಲಿಗೆ ಮುಗಿಯಿತು. ಆಮೇಲೆ ಟೊಮೆಟೊ, ಈರುಳ್ಳಿ ಮಾರಿದ್ದೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಆದರೆ ನೋಂದಣಿ ಆದ ಮೇಲೂ ಟೊಮೆಟೊ ಮೇಲೆ ತೆರಿಗೆ ಸೊನ್ನೆಯೇ.

ಯಾವುದಕ್ಕೆ ತೆರಿಗೆ ಇದೆ, ಯಾವುದಕ್ಕೆ ಇಲ್ಲ ಅನ್ನುವುದು ಅಂಗಡಿಯೊಳಗೆ ಕಣ್ಣಿಗೆ ಕಾಣುವ ಹಾಗಿಲ್ಲ. ಬೆಳಗ್ಗೆ ಬರುವ ಕ್ರೇಟುಗಳನ್ನೇ ನೋಡಿ. ಹಾಲಿನ ಪ್ಯಾಕೆಟ್‌ಗೆ ತೆರಿಗೆ ಇಲ್ಲ. ಪಕ್ಕದಲ್ಲೇ ಇರುವ ಮೊಸರಿನ ಪ್ಯಾಕೆಟ್‌ಗೆ 2022ರ ಜುಲೈ 18ರಿಂದ ಶೇ 5 ಇದೆ. ಅಕ್ಕಿಯ ಕಥೆಯೂ ಹಾಗೇ. 25 ಕೆಜಿವರೆಗಿನ ಲೇಬಲ್ ಹಾಕಿದ ಚೀಲಕ್ಕೆ ಶೇ 5. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಮಾರುಕಟ್ಟೆಯಲ್ಲಿ 26 ಕೆಜಿ ಅಕ್ಕಿ ಚೀಲ ಇಷ್ಟು ಜಾಸ್ತಿ ಕಾಣೋದು ಇದಕ್ಕೇ. ಚೀಲ ಬಿಚ್ಚಿ ಸೇರು ಲೆಕ್ಕದಲ್ಲೋ ಕೆಜಿ ಲೆಕ್ಕದಲ್ಲೋ ಬಿಡಿಯಾಗಿ ಮಾರಿದರೆ ಆ ಮಾರಾಟಕ್ಕೆ ತೆರಿಗೆ ಇಲ್ಲ. ಹಪ್ಪಳಕ್ಕೆ ತೆರಿಗೆ ಇಲ್ಲ, ಉಪ್ಪಿನಕಾಯಿಗೆ ಇದೆ. ಇದನ್ನೆಲ್ಲ ಅಂಗಡಿಯವರು ತಾವಾಗಿಯೇ ತಿಳಿದುಕೊಂಡಿರಬೇಕು ಅಂತ ನಿರೀಕ್ಷಿಸುವುದು ನ್ಯಾಯವಲ್ಲ. ನೋಟಿಸ್ ಕಳಿಸುವ ಮೊದಲೇ ಇಲಾಖೆ ಊರೂರಿಗೆ ಬಂದು ಕನ್ನಡದಲ್ಲಿ ಕೂತು ಹೇಳಬೇಕಿತ್ತು. ಜಾಗೃತಿ ಸಭೆಗಳು ಶುರುವಾಗಿದ್ದು ಗಲಾಟೆ ಆದ ಮೇಲೆ. ಕ್ರಮ ತಲೆಕೆಳಗಾಯಿತು ಅನ್ನುವುದೇ ನನ್ನ ಅಭಿಪ್ರಾಯ.

ಇನ್ನು ಮಿತಿಯ ವಿಷಯ. ‘ನಲವತ್ತು ಲಕ್ಷ’ ಎಲ್ಲರ ಬಾಯಲ್ಲೂ ಇದೆ. ಆದರೆ ಆ ಮಿತಿ ಬರೀ ಸರಕು ಮಾರುವವರಿಗೆ. ಸೇವೆ ಕೊಡುವವರಿಗೆ 20 ಲಕ್ಷ. ಟೀ ಅಂಗಡಿ, ದರ್ಶಿನಿ, ಮೆಸ್ ಎಲ್ಲ ತಿನಿಸು ಮಾರುವ ಜಾಗದ ಹಾಗೆ ಕಂಡರೂ ಕಾನೂನಿನ ಲೆಕ್ಕದಲ್ಲಿ ಸೇವೆ. ಬೇಕರಿಯವರು ಬ್ರೆಡ್ಡು ಬನ್ನು ಪಾರ್ಸೆಲ್ ಕೊಡುವುದರ ಜೊತೆಗೆ ಬೆಂಚು ಹಾಕಿ ಟೀ ಕೊಟ್ಟರೆ ಅವರೂ 20 ಲಕ್ಷದ ಕಡೆಗೆ ಬಂದರು.

ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು ಇನ್ನೊಂದಿದೆ. ಐಸ್‌ಕ್ರೀಂ, ಪಾನ್ ಮಸಾಲ, ತಂಬಾಕಿನ ವಸ್ತು ಮಾರುವವರಿಗೆ 40 ಲಕ್ಷದ ಮಿತಿ ಸಿಗುವುದಿಲ್ಲ. 2019ರ ಅಧಿಸೂಚನೆಯಲ್ಲೇ ಅವರನ್ನು ಹೊರಗಿಟ್ಟಿದ್ದಾರೆ. ಅಂದರೆ ಕಿರಾಣಿ ಅಂಗಡಿಯ ಮೂಲೆಯಲ್ಲಿ ಐಸ್‌ಕ್ರೀಂ ಡಬ್ಬಿಯ ಫ್ರೀಜರ್ ಇದ್ದರೆ, ಗಲ್ಲಾಪೆಟ್ಟಿಗೆಯ ಪಕ್ಕ ಸಿಗರೇಟ್ ಪ್ಯಾಕ್ ಇದ್ದರೆ, ಮಿತಿ 20 ಲಕ್ಷ. ದಿನಕ್ಕೆ ಐದೂವರೆ ಸಾವಿರದ ವ್ಯಾಪಾರ ಅಂದರೆ ವರ್ಷಕ್ಕೆ 20 ಲಕ್ಷ ಆಗಿಬಿಡುತ್ತದೆ. ಮುಖ್ಯ ರಸ್ತೆಯ ಯಾವ ಪುಟ್ಟ ಅಂಗಡಿಯೂ ಇದನ್ನು ಮುಟ್ಟಬಹುದು.

ಸಿಗರೇಟ್ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2025ರ ಮೇ ಕೊನೆಯಲ್ಲಿ ರಾಜ್ಯದ ತಂಬಾಕು ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿದೆ. 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಬಿಡಿ ಸಿಗರೇಟ್ ಮಾರುವಂತಿಲ್ಲ. ಶಾಲೆ ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ. ಒಂದೊಂದೇ ಸಿಗರೇಟ್ ಮಾರಿ ದಿನದ ಖರ್ಚು ತೆಗೆಯುವ ಪೆಟ್ಟಿಗೆ ಅಂಗಡಿಗೆ ಇದು ದೊಡ್ಡ ಪೆಟ್ಟು, ಗೊತ್ತು. ಆದರೂ ಈ ಕಾಯ್ದೆ ಸರಿ ಅಂತಲೇ ನನ್ನ ನಂಬಿಕೆ. ಆ ಮೂಲೆಗೆ ಬೇರೆ ಸರಕು ತುಂಬಿಸಿದರೆ, ತಂಬಾಕು, ಪಾನ್ ಮಸಾಲ, ಐಸ್‌ಕ್ರೀಂ ಯಾವುದೂ ಅಂಗಡಿಯಲ್ಲಿ ಉಳಿಯದಿದ್ದರೆ, ನೋಂದಣಿ ಮಿತಿ ಮತ್ತೆ 40 ಲಕ್ಷ ಆಗುತ್ತದೆ. ಇದನ್ನು ಲೆಕ್ಕ ಹಾಕಿ ನೋಡುವವರು ಕಡಿಮೆ.

ಸರಿ, ಮಿತಿ ದಾಟಿತು ಅಂತಿಟ್ಟುಕೊಳ್ಳಿ. ಮುಂದೇನು? ಹೆದರುವಂಥದ್ದು ಏನೂ ಇಲ್ಲ, ಲೆಕ್ಕ ಇದ್ದರೆ. ಒಂದು ಕಿರಾಣಿ ಅಂಗಡಿಯ ಉದಾಹರಣೆ ತೆಗೆದುಕೊಳ್ಳೋಣ. ವರ್ಷದ ವಹಿವಾಟು 48 ಲಕ್ಷ. ಅದರಲ್ಲಿ ಹಾಲು, ತರಕಾರಿ, ಬಿಡಿ ಅಕ್ಕಿ ಬೇಳೆ ಸೇರಿ 28 ಲಕ್ಷ. ಉಳಿದ 20 ಲಕ್ಷ ಸೋಪು, ಬಿಸ್ಕೆಟ್, ಎಣ್ಣೆ, ಮೊಸರಿನ ಪ್ಯಾಕೆಟ್. ಈ ಅಂಗಡಿಯವರು ರಾಜಿ ತೆರಿಗೆ ಪದ್ಧತಿ, ಅಂದರೆ ಎಲ್ಲರೂ ಕಾಂಪೊಸಿಷನ್ ಅಂತ ಕರೆಯುವ ಯೋಜನೆಗೆ ಸೇರಬಹುದು. 1.5 ಕೋಟಿ ವಹಿವಾಟಿನವರೆಗೆ ಅದಕ್ಕೆ ಅವಕಾಶ ಇದೆ. ವ್ಯಾಪಾರಿಗೆ ದರ ಶೇ 1, ಅದೂ ತೆರಿಗೆ ಇರುವ ವಸ್ತುಗಳ ಮಾರಾಟದ ಮೇಲೆ ಮಾತ್ರ. 20 ಲಕ್ಷಕ್ಕೆ ಶೇ 1 ಅಂದರೆ ವರ್ಷಕ್ಕೆ 20,000 ರೂಪಾಯಿ. ಮೂರು ತಿಂಗಳಿಗೊಮ್ಮೆ ಸುಮಾರು 5,000.

ಇದೇ ಅಂಗಡಿಯವರ ಹತ್ತಿರ ನೋಂದಣಿಯೂ ಇಲ್ಲ, ಒಂದು ಚೀಟಿಯೂ ಇಲ್ಲ ಅನ್ನಿ. ಖಾತೆಗೆ ಬಂದ 48 ಲಕ್ಷವನ್ನೂ ತೆರಿಗೆ ಇರುವ ಮಾರಾಟ ಅಂತಲೇ ಹಿಡಿದು ಶೇ 18 ಹಾಕಿದರೆ 8,64,000 ರೂಪಾಯಿ. ಬಡ್ಡಿ, ದಂಡ ಬೇರೆ. ಕಾಂಪೊಸಿಷನ್ ಸೌಲಭ್ಯ ಹಿಂದಿನ ವರ್ಷಗಳಿಗೆ ಸಿಗುವುದಿಲ್ಲ, ನೋಂದಣಿ ಮಾಡಿಸಿ ಆಯ್ಕೆ ಮಾಡಿಕೊಂಡ ಮೇಲಷ್ಟೇ. 20,000 ಎಲ್ಲಿ, 8,64,000 ಎಲ್ಲಿ! ಮಾರಿದ ವಸ್ತು ಅದೇ, ಗಿರಾಕಿಗಳೂ ಅವರೇ. ವ್ಯತ್ಯಾಸ ಆಗಿದ್ದು ಕಾಗದದಿಂದ.

ಕಾಂಪೊಸಿಷನ್‌ಗೆ ಅದರದೇ ಕಟ್ಟುಪಾಡುಗಳಿವೆ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಕೈಯಿಂದ ಕಟ್ಟಬೇಕು. ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ. ಬೇರೆ ರಾಜ್ಯಕ್ಕೆ ಸರಕು ಕಳಿಸುವಂತಿಲ್ಲ. ಹೋಟೆಲಿನವರಿಗೆ ದರ ಶೇ 5. ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ ತೆರಿಗೆ ಕಟ್ಟಬೇಕು. ವರ್ಷದ ರಿಟರ್ನ್ ಜೂನ್ 30ರೊಳಗೆ. ಮನೆಯಲ್ಲಿ ಉಪ್ಪಿನಕಾಯಿ ಮಾಡಿ ಫೋನಿನಲ್ಲೇ ಆರ್ಡರ್ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಈಗ ಜಾಸ್ತಿ. ಅವರು ಒಂದು ಮಾತು ನೆನಪಿಡಬೇಕು. ಹೈದರಾಬಾದಿಗೋ ಚೆನ್ನೈಗೋ ಉಪ್ಪಿನಕಾಯಿ ಕೊರಿಯರ್ ಮಾಡಿ ಮಾರಿದರೆ ಮಿತಿಯ ಪ್ರಶ್ನೆಯೇ ಇಲ್ಲ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಅದೂ ಕಾಂಪೊಸಿಷನ್ ಅಲ್ಲ, ಸಾಮಾನ್ಯ ನೋಂದಣಿ. ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ‘ಸರ್ಕಾರಕ್ಕೆ ಕಟ್ಟಬೇಕು’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

‘ಪ್ರತಿ ಮಾರಾಟ ಬರೆಯೋಕಾಗುತ್ತಾ ಸಾರ್, ಜನ ನಿಂತಿರ್ತಾರೆ’ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆಗುವುದಿಲ್ಲ. ಅದಕ್ಕೆ ನಾನು ಹೇಳುವುದು ಮಾರಾಟದ ಕಡೆಯಿಂದ ಅಲ್ಲ, ಖರೀದಿಯ ಕಡೆಯಿಂದ ಶುರು ಮಾಡಿ ಅಂತ. ಹಾಲಿನ ಏಜೆಂಟರು ದಿನವೂ ಕೊಡುವ ಚೀಟಿ, ಎಪಿಎಂಸಿ ಮಂಡಿಯ ಬಿಲ್ಲು, ಬಿಡಿಯಾಗಿ ಮಾರುವ ಅಕ್ಕಿ ಬೇಳೆಯ ಸಗಟು ಬಿಲ್ಲು, ಇವುಗಳನ್ನು ತಿಂಗಳ ಲೆಕ್ಕದಲ್ಲಿ ಒಂದು ಕವರಿಗೆ ಹಾಕಿ. ಸೋಪು, ಬಿಸ್ಕೆಟ್ ಕಂಪನಿಯ ವಿತರಕರ ಬಿಲ್ಲುಗಳನ್ನು ಇನ್ನೊಂದಕ್ಕೆ. ಮೊದಲ ಕವರಿನಲ್ಲಿರುವುದು ತೆರಿಗೆ ಇಲ್ಲದ ಸರಕು, ಎರಡನೆಯದರಲ್ಲಿರುವುದು ತೆರಿಗೆ ಇರುವ ಸರಕು. ಹಾಲಿನವರೇ ಮೊಸರನ್ನೂ ಹಾಕುವುದರಿಂದ ಆ ಚೀಟಿಯಲ್ಲಿ ಮಾತ್ರ ಮೊಸರಿನ ಸಾಲಿಗೆ ಪೆನ್ನಲ್ಲಿ ಗೆರೆ ಎಳೆದಿಡಿ. ರಾತ್ರಿ ಬಾಗಿಲು ಹಾಕುವ ಮುಂಚೆ ಆ ದಿನದ ಒಟ್ಟು ಕ್ಯಾಶ್ ಎಷ್ಟು, ಯುಪಿಐ ಎಷ್ಟು ಅಂತ ಒಂದೇ ಸಾಲು ಬರೆಯಿರಿ. ಅಧಿಕಾರಿಯ ಮುಂದೆ ‘ನನ್ನ ವ್ಯಾಪಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಲು, ತರಕಾರಿ’ ಅಂತ ಬಾಯಲ್ಲಿ ಹೇಳಿದರೆ ಅದು ಬರೀ ಮಾತು. ಹನ್ನೆರಡು ಕವರ್ ಮುಂದಿಟ್ಟರೆ ಅದು ಸಾಕ್ಷಿ.

ಯುಪಿಐಗೆ ಬಂದದ್ದೆಲ್ಲ ವ್ಯಾಪಾರವೂ ಅಲ್ಲ. ಚೀಟಿ ಎತ್ತಿದ ಹಣ, ಭಾವಮೈದ ವಾಪಸ್ ಕೊಟ್ಟ ಸಾಲ, ಮಗಳ ಹಾಸ್ಟೆಲ್‌ಗೆ ಅಂತ ಅಣ್ಣ ಕಳಿಸಿದ್ದು, ಎಲ್ಲ ಅದೇ ಖಾತೆಗೆ ಬಂದಿರುತ್ತದೆ. ಗಿರಾಕಿ 500 ಸ್ಕ್ಯಾನ್ ಮಾಡಿ ‘ಚೇಂಜ್ ಕೊಡಿ ಅಣ್ಣಾ’ ಅಂತ ನೋಟು ತೆಗೆದುಕೊಂಡು ಹೋಗಿರುತ್ತಾನೆ. ಮೂರು ವರ್ಷ ಆದ ಮೇಲೆ ಇದನ್ನೆಲ್ಲ ನೆನಪಿಟ್ಟು ಬಿಡಿಸಿ ಹೇಳುವುದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಅಂಗಡಿಗೆ ಒಂದು ಖಾತೆ, ಮನೆಗೆ ಇನ್ನೊಂದು. ಅಂಗಡಿ ಗೋಡೆಯ ಮೇಲಿರುವ ಕೋಡ್ ಅಂಗಡಿ ಖಾತೆಯದೇ ಆಗಿರಲಿ. ಇವತ್ತೇ ಮಾಡಬಹುದಾದ ಕೆಲಸ ಇದು.

ಕ್ಯಾಶ್‌ಗೆ ವಾಪಸ್ ಹೋಗುವುದು ಮಾತ್ರ ದಾರಿಯಲ್ಲ. ಕ್ಯಾಶ್ ಆದರೂ ಯುಪಿಐ ಆದರೂ ಮಾರಾಟ ಮಾರಾಟವೇ, ಕಾನೂನಿಗೆ ಎರಡೂ ಒಂದೇ. ನಿಮಗೆ ಸರಕು ಕೊಡುವ ವಿತರಕರ ಲೆಕ್ಕದಲ್ಲಿ ನಿಮ್ಮ ಹೆಸರು ಹೇಗೂ ಇರುತ್ತದೆ. ಮೇಲಾಗಿ, ನಾಳೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ನಿಮ್ಮ ವ್ಯಾಪಾರ ಇಷ್ಟು ಅಂತ ತೋರಿಸುವುದು ಆ ಯುಪಿಐ ಹೇಳಿಕೆಯೇ. ಸುಮ್ನೆ ಹೆದರಿ ಅದನ್ನು ಕಳೆದುಕೊಳ್ಳಬೇಡಿ.

ಬೋರ್ಡ್ ಬರೆಸುವವರಿಗೂ ಒಂದು ಮಾತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಜಿಎಸ್‌ಟಿ ನೋಂದಣಿ ಆದವರು ಬೋರ್ಡಿನ ಮೇಲೆ ಜಿಎಸ್‌ಟಿ ನಂಬರ್ ಹಾಕಬೇಕು. ಕಾಂಪೊಸಿಷನ್‌ನಲ್ಲಿರುವವರು ಆ ಮಾತನ್ನೂ ಬೋರ್ಡಿನಲ್ಲಿ ಬರೆಸಬೇಕು. ಕನ್ನಡದ ನಿಯಮಕ್ಕಂತ ಒಂದು ಸಲ ಬರೆಸಿ, ಜಿಎಸ್‌ಟಿಗಂತ ಇನ್ನೊಂದು ಸಲ ದುಡ್ಡು ಸುರಿದವರನ್ನು ನೋಡಿದ್ದೇನೆ. ನೋಂದಣಿ ಆಗುವವರೆಗೆ ಕಾದು ಒಟ್ಟಿಗೇ ಬರೆಸಿ.

ಟ್ರೇಡ್ ಲೈಸೆನ್ಸ್‌ನಂಥ ಸೇವೆಗೆ ಅರ್ಜಿ ಹಾಕಿದಾಗ ಸಕಾಲ ನಂಬರ್ ಕೇಳಿ ಪಡೆಯಿರಿ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ 2011ರ ಆ ಕಾಯ್ದೆ ನಮ್ಮ ರಾಜ್ಯದ್ದೇ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ಇದೆ. ದುಡ್ಡು ಚಿಕ್ಕದು. ಆದರೆ ನಂಬರ್ ಇದ್ದ ಅರ್ಜಿಯನ್ನು ಪಕ್ಕಕ್ಕೆ ಸರಿಸಿಡುವುದು ಕಷ್ಟ.

ಮತ್ತೆ ನೋಟಿಸ್ ಬಂದರೆ? ಅದು ತೆರಿಗೆಯ ಅಂತಿಮ ಆದೇಶವಲ್ಲ, ವಿವರಣೆ ಕೇಳುವ ಪತ್ರ. ಉತ್ತರ ಕೊಡದೆ ಡ್ರಾಯರಿನಲ್ಲಿ ಇಟ್ಟರೆ ಮಾತ್ರ ಅದೇ ಮುಂದೆ ಆದೇಶವಾಗುತ್ತದೆ. ಪತ್ರದಲ್ಲಿ ಕೊಟ್ಟ ದಿನಾಂಕದೊಳಗೆ ಕನ್ನಡದಲ್ಲೇ ಬರೆದು ಉತ್ತರ ಕೊಡಿ. ಬ್ಯಾಂಕ್ ಹೇಳಿಕೆಯಲ್ಲಿ ವ್ಯಾಪಾರದ್ದಲ್ಲದ ಹಣಕ್ಕೆ ಗುರುತು ಹಾಕಿ, ಖರೀದಿ ಬಿಲ್ಲುಗಳ ನಕಲು ಲಗತ್ತಿಸಿ. ಟೈಮ್ ಸಾಲದಿದ್ದರೆ ಟೈಮ್ ಕೇಳಿಯಾದರೂ ಒಂದು ಪತ್ರ ಕೊಡಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.